ಕಣ್ಣಿನ ಪರೀಕ್ಷೆಯಲ್ಲಿ ಫೇಲಾದ ನೇತಾಜಿ

ಕಳೆದ ವರ್ಷ ಸೇನಾ ಭರ್ತಿ ರ‍್ಯಾಲಿಯಲ್ಲಿ 1,600 ಮೀಟರ್ ಓಟವನ್ನು ಐದೂವರೆ ನಿಮಿಷದೊಳಗೆ ಮುಗಿಸಿದೆ. ಬೀಮ್ ಹತ್ತು ಹೊಡೆದೆ. ಎರಡು ವರ್ಷ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ತಿಪಟೂರು–ತುರುವೇಕೆರೆ ರಸ್ತೆಯಲ್ಲಿ, ತೆಂಗಿನ ತೋಟಗಳ ಕತ್ತಲಲ್ಲಿ ಓಡಿದ್ದು ಸಾರ್ಥಕವಾಯಿತು ಅಂದುಕೊಂಡೆ. ಕೊನೆಗೆ ವೈದ್ಯಕೀಯ ಪರೀಕ್ಷೆಯ ಸಾಲಿನಲ್ಲಿ ನಿಂತು, ಗೋಡೆಯ ಮೇಲಿನ ಅಕ್ಷರಗಳನ್ನು ಓದಲು ಹೇಳಿದರು. ಮೇಲಿನ ನಾಲ್ಕು ಸಾಲು ಓದಿದೆ. ಅದರ ಕೆಳಗಿನದ್ದು ಇರುವೆ ಸಾಲಿನ ಹಾಗೆ ಕಂಡಿತು. ಅಲ್ಲಿಗೆ ಮುಗಿಯಿತು. ಅವರ ತಪ್ಪೇನೂ ಇಲ್ಲ, ನಿಯಮ ನಿಯಮವೇ. ತಪ್ಪು ನನ್ನದು. ಎರಡು ವರ್ಷ ಕಾಲಿನ ಲೆಕ್ಕ ಹಾಕಿದ್ದೆ, ಕಣ್ಣಿನ ಲೆಕ್ಕ ಹಾಕಿರಲಿಲ್ಲ.

ಊರಿಗೆ ಬಂದಾಗ ಅಪ್ಪ ಅಟ್ಟದಿಂದ ಇಳಿಸಿದ ಕೊಬ್ಬರಿ ಸುಲಿಸುತ್ತಿದ್ದರು. ವಿಷಯ ಹೇಳಿದೆ. ಊಟ ಮಾಡು ಹೋಗು ಅಂದರು, ಅಷ್ಟೇ. ಅಪ್ಪ ನಮ್ಮ ತೋಟ ನೋಡಿಕೊಳ್ಳುವುದರ ಜೊತೆಗೆ ಅಕ್ಕಪಕ್ಕದ ತೋಟಗಳನ್ನೂ ಚೇಣಿಗೆ ಹಿಡಿಯುತ್ತಾರೆ. ಚೇಣಿ ಅಂದರೆ ಫಸಲು ಇನ್ನೂ ಮರದ ಮೇಲಿರುವಾಗಲೇ ಅಂದಾಜು ಮಾಡಿ ದುಡ್ಡು ಕಟ್ಟುವುದು. ಕತ್ತೆತ್ತಿ ನೋಡಿದರೆ ಸಾವಿರ ಕಾಯಿ ಕಾಣುತ್ತದೆ. ಅದರಲ್ಲಿ ನುಸಿ ತಿನ್ನುವುದೆಷ್ಟು, ಗಾಳಿಗೆ ಉದುರುವುದೆಷ್ಟು, ಅಟ್ಟಕ್ಕೆ ಏರುವುದೆಷ್ಟು, ಅಟ್ಟದಲ್ಲಿ ಹತ್ತು ಹನ್ನೊಂದು ತಿಂಗಳು ಕಳೆದ ಮೇಲೆ ಕೌಟು ಹಿಡಿಯದೆ ಉಳಿಯುವುದೆಷ್ಟು, ಕೊನೆಗೆ ತಿಪಟೂರಿನ ಮಂಡಿಗೆ ಹೋಗುವ ಉಂಡೆ ಕೊಬ್ಬರಿ ಎಷ್ಟು? ಮರದ ಮೇಲಿನ ಕಾಯಿಯೇ ಬೇರೆ, ಮಂಡಿಗೆ ಬಂದ ಕೊಬ್ಬರಿಯೇ ಬೇರೆ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದವನು ಚೇಣಿ ಹಿಡಿದರೆ ಮನೆ ಮಾರಬೇಕಾಗುತ್ತದೆ.

ಆಮೇಲಿನ ಒಂದು ತಿಂಗಳು ನಾನು ಗ್ರಂಥಾಲಯದಲ್ಲಿ ಕುಳಿತು ಕಾಲ ಕಳೆದೆ. ಸ್ಪರ್ಧಾತ್ಮಕ ಪರೀಕ್ಷೆಗೆಂದು ಆಧುನಿಕ ಭಾರತದ ಇತಿಹಾಸ ತಿರುವಿ ಹಾಕುವಾಗ ಸುಭಾಷ್ ಚಂದ್ರ ಬೋಸ್ ಸಿಕ್ಕರು. ಅದುವರೆಗೆ ನನ್ನ ನೋಟ್ಸ್‌ನಲ್ಲಿ ಅವರು ನಾಲ್ಕೇ ಸಾಲು: ಹುಟ್ಟಿದ್ದು 1897, ಹರಿಪುರ ಅಧಿವೇಶನ 1938, ಫಾರ್ವರ್ಡ್ ಬ್ಲಾಕ್ 1939, ಆಜಾದ್ ಹಿಂದ್ ಸರ್ಕಾರ 1943. ಜೀವನ ಚರಿತ್ರೆ ಓದುತ್ತಾ ಹೋದಾಗ ಒಂದು ಕಡೆ ನಿಂತುಬಿಟ್ಟೆ. ನೇತಾಜಿಯೂ ಸೇನಾ ಭರ್ತಿಗೆ ಹೋಗಿದ್ದರು. ಅವರನ್ನೂ ಕಣ್ಣಿನ ಕಾರಣಕ್ಕೇ ವಾಪಸ್ ಕಳಿಸಿದ್ದರು!

ಅವರು ಹುಟ್ಟಿದ್ದು ಒಡಿಶಾದ ಕಟಕ್‌ನಲ್ಲಿ, 1897ರ ಜನವರಿ 23ರಂದು. ತಂದೆ ಜಾನಕೀನಾಥ್ ಬೋಸ್ ಹೆಸರಾಂತ ವಕೀಲರು, ತಾಯಿ ಪ್ರಭಾವತಿ. ಹದಿನಾಲ್ಕು ಮಕ್ಕಳಲ್ಲಿ ಒಂಬತ್ತನೆಯವರು. ಓದಿನಲ್ಲಿ ಸದಾ ಮುಂದು. ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದುವಾಗ, 1916ರಲ್ಲಿ, ಓಟನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರ ಮೇಲೆ ವಿದ್ಯಾರ್ಥಿಗಳು ಕೈ ಮಾಡಿದ ಪ್ರಕರಣದಲ್ಲಿ ಅವರನ್ನು ಕಾಲೇಜಿನಿಂದ ಹೊರಹಾಕಿದರು. ಓದು ನಿಂತಿದ್ದ ಆ ದಿನಗಳಲ್ಲಿ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಬಂಗಾಳಿಗಳ ಹೊಸ ಪಡೆಯೊಂದಕ್ಕೆ, 49ನೇ ಬೆಂಗಾಲೀಸ್‌ಗೆ, ಯುವಕರನ್ನು ಸೇರಿಸಿಕೊಳ್ಳುತ್ತಿದ್ದರು. ಸುಭಾಷ್ ಹೋಗಿ ಸಾಲಿನಲ್ಲಿ ನಿಂತರು. ದೃಷ್ಟಿ ಸಾಲದು ಎಂದು ತಿರಸ್ಕಾರವಾಯಿತು. ಮುಂದೆ ಸ್ಕಾಟಿಷ್ ಚರ್ಚ್ ಕಾಲೇಜು ಸೇರಿದಾಗ ವಿಶ್ವವಿದ್ಯಾಲಯದ ಸೈನಿಕ ತರಬೇತಿ ಘಟಕದಲ್ಲಿ ಅವಕಾಶ ಸಿಕ್ಕಿತು. ಅಲ್ಲಿ ಕವಾಯತು, ಗುರಿ ಹೊಡೆಯುವುದು, ಡೇರೆಯ ಬದುಕು ಎಲ್ಲವನ್ನೂ ಕಲಿತರು. ನಂತರ ತತ್ವಶಾಸ್ತ್ರದಲ್ಲಿ ಪ್ರಥಮ ದರ್ಜೆಯಲ್ಲಿ ಪದವಿ ಪಡೆದರು.

ನಮ್ಮಂಥ ಉದ್ಯೋಗಾಕಾಂಕ್ಷಿಗಳ ಎದೆ ಝಲ್ಲೆನ್ನುವ ಘಟನೆ ಆಮೇಲಿನದು. ತಂದೆಯ ಆಸೆಯಂತೆ 1919ರಲ್ಲಿ ಇಂಗ್ಲೆಂಡಿಗೆ ಹೋಗಿ, ಒಂದು ವರ್ಷವೂ ಸಿಗದ ತಯಾರಿಯಲ್ಲಿ 1920ರ ಐಸಿಎಸ್ ಪರೀಕ್ಷೆ ಬರೆದು ನಾಲ್ಕನೇ ರ‍್ಯಾಂಕ್ ಗಳಿಸಿದರು. ಆ ಕಾಲಕ್ಕೆ ಭಾರತೀಯನೊಬ್ಬನಿಗೆ ಅದಕ್ಕಿಂತ ದೊಡ್ಡ ನೌಕರಿ ಇರಲಿಲ್ಲ. 1921ರ ಏಪ್ರಿಲ್‌ನಲ್ಲಿ ಅದಕ್ಕೆ ರಾಜೀನಾಮೆ ಕೊಟ್ಟರು. ಒಂದು ಗ್ರೂಪ್ ‘ಸಿ’ ಹುದ್ದೆಗಾಗಿ ನಾಲ್ಕು ವರ್ಷ ಓದುವ ನನಗೆ ಈ ಸಾಲು ಓದಿ ಮೊದಲು ಬಂದದ್ದು ಗೌರವವಲ್ಲ, ಸಿಟ್ಟು. ಮನೆಯಲ್ಲಿ ಅನುಕೂಲ ಇದ್ದವರು ಬಿಡಬಹುದು ಅನ್ನಿಸಿತು. ಮುಂದೆ ಓದಿದಾಗ ಆ ಸಿಟ್ಟು ಇಳಿಯಿತು. ಯಾಕೆಂದರೆ ಆ ನೌಕರಿ ಬಿಟ್ಟವರಿಗೆ ಸಿಕ್ಕಿದ್ದು ಹತ್ತಕ್ಕೂ ಹೆಚ್ಚು ಬಾರಿ ಜೈಲು. 1924ರಲ್ಲಿ ಕಲ್ಕತ್ತಾ ನಗರಪಾಲಿಕೆಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾಗಿದ್ದಾಗಲೇ ಬಂಧನವಾಗಿ, ಬರ್ಮಾದ ಮಾಂಡಲೆ ಜೈಲಿನಲ್ಲಿ ಆರೋಗ್ಯ ಕೆಡಿಸಿಕೊಂಡು, 1927ರಲ್ಲಿ ಹೊರಬಂದರು. 1930ರಲ್ಲಿ ಅದೇ ನಗರದ ಮೇಯರ್ ಆದರು.

ಸೇನೆಯ ಹುಚ್ಚು ಮಾತ್ರ ಬಿಟ್ಟಿರಲಿಲ್ಲ. 1928ರ ಕಲ್ಕತ್ತಾ ಕಾಂಗ್ರೆಸ್ ಅಧಿವೇಶನದಲ್ಲಿ ಸ್ವಯಂಸೇವಕರ ಪಡೆ ಕಟ್ಟಿ, ಸಮವಸ್ತ್ರ ಹಾಕಿಸಿ, ತಾವೇ ಅದರ ದಂಡನಾಯಕರಾಗಿ ನಿಂತರು. ಕೆಲವರು ಅದನ್ನು ನೋಡಿ ನಕ್ಕರು. ಕೈಯಲ್ಲಿ ಒಂದು ಬಂದೂಕೂ ಇಲ್ಲದ ಸೇನೆ ಅದು. ಆದರೆ ಜನರನ್ನು ಹೇಗೆ ಸೇರಿಸಬೇಕು, ಹೇಗೆ ಸಾಲು ಹಚ್ಚಬೇಕು, ಎಲ್ಲಿ ಮಲಗಿಸಿ ಏನು ಉಣಿಸಬೇಕು ಎಂಬ ಲೆಕ್ಕದ ಮೊದಲ ಪಾಠ ಅದೇ ಆಗಿರಬೇಕು. 1938ರಲ್ಲಿ ಹರಿಪುರದಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ಮರುವರ್ಷ ಗಾಂಧೀಜಿಯವರ ಒಲವಿದ್ದ ಪಟ್ಟಾಭಿ ಸೀತಾರಾಮಯ್ಯ ಅವರನ್ನು 1,377 ಮತಗಳ ಎದುರು 1,580 ಮತ ಪಡೆದು ಸೋಲಿಸಿ ಮತ್ತೆ ಗೆದ್ದರು. ಗೆದ್ದರೂ ಕೂಡಿ ಕೆಲಸ ಮಾಡುವವರು ಸಿಗದೆ ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಎಣಿಕೆಯಲ್ಲಿ ಗೆಲ್ಲುವುದೇ ಬೇರೆ, ಜನ ಜೊತೆಗಿರುವುದೇ ಬೇರೆ ಎಂದು ಅವರಿಗೆ ಆಗಲೇ ಗೊತ್ತಾಗಿರಬಹುದು.

ಎರಡನೇ ಮಹಾಯುದ್ಧ ಶುರುವಾಯಿತು. 1940ರಲ್ಲಿ ಮತ್ತೆ ಬಂಧನ, ಉಪವಾಸ, ನಂತರ ಮನೆಯಲ್ಲೇ ಪೊಲೀಸ್ ಕಾವಲು. 1941ರ ಜನವರಿ 16ರ ನಡುರಾತ್ರಿ ಕಲ್ಕತ್ತಾದ ಎಲ್ಗಿನ್ ರಸ್ತೆಯ ಮನೆಯಿಂದ ಪಠಾಣನ ವೇಷದಲ್ಲಿ ಹೊರಬಿದ್ದರು. ಅಣ್ಣನ ಮಗ ಶಿಶಿರ್ ಕಾರು ಓಡಿಸಿದರು. ಗೊಮೋ ಸ್ಟೇಷನ್‌ನಲ್ಲಿ ರೈಲು ಹತ್ತಿ ಪೆಶಾವರ, ಅಲ್ಲಿಂದ ಬೆಟ್ಟ ದಾಟಿ ಕಾಬೂಲ್. ಪಷ್ತೋ ಭಾಷೆ ಬಾರದ್ದರಿಂದ ದಾರಿಯಲ್ಲಿ ಕಿವುಡ–ಮೂಗನಂತೆ ನಟಿಸಿದರು. ಈ ಓಟದ ನಡುವೆಯೇ ಅವರಿಗೆ 44 ತುಂಬಿತು. ಇಟಲಿಯ ಪಾಸ್‌ಪೋರ್ಟ್ ಹಿಡಿದು ಮಾಸ್ಕೋ ಮೂಲಕ ಏಪ್ರಿಲ್‌ನಲ್ಲಿ ಬರ್ಲಿನ್ ತಲುಪಿದರು.

ಇಲ್ಲಿಂದ ಅವರ ಬದುಕು ಒಂದೇ ಪ್ರಶ್ನೆಯ ಸುತ್ತ ತಿರುಗುತ್ತದೆ: ದೇಶದ ಹೊರಗಿರುವ ಒಬ್ಬ ಮನುಷ್ಯ ಎಷ್ಟು ಸೈನಿಕರನ್ನು ಕೂಡಿಸಬಲ್ಲ? ಸಂಬಳ ಕೊಡಲು ಖಜಾನೆ ಇಲ್ಲ, ಕರೆದು ತರಲು ಊರುಗಳಿಲ್ಲ. ಜರ್ಮನಿಯಲ್ಲಿ ಸಿಕ್ಕಿದ್ದು ಉತ್ತರ ಆಫ್ರಿಕಾದ ಯುದ್ಧದಲ್ಲಿ ಸೆರೆಯಾಗಿದ್ದ ಭಾರತೀಯ ಸಿಪಾಯಿಗಳು. ಸೆರೆಶಿಬಿರಗಳಿಗೆ ಹೋಗಿ ಮಾತಾಡಿದರು. ಆ ಸಾವಿರಾರು ಮಂದಿಯಲ್ಲಿ ಅವರ ಪಡೆಗೆ ಸೇರಿದವರು ಮೂರು ಸಾವಿರದ ಆಸುಪಾಸು. ಅಷ್ಟರಿಂದ ಏನೂ ಆಗದು, ಅದೂ ಭಾರತದಿಂದ ಅಷ್ಟು ದೂರದಲ್ಲಿ. ಅದೇ ವೇಳೆಗೆ ಪೂರ್ವದಲ್ಲಿ ಬೇರೊಂದು ತೋಟ ಕಾಣಿಸಿತ್ತು. 1942ರ ಫೆಬ್ರುವರಿ 15ರಂದು ಸಿಂಗಪುರ ಜಪಾನಿನ ಕೈಸೇರಿತು. ಎರಡು ದಿನಗಳ ನಂತರ ಫೇರರ್ ಪಾರ್ಕ್ ಮೈದಾನದಲ್ಲಿ ಸುಮಾರು 45 ಸಾವಿರ ಭಾರತೀಯ ಯುದ್ಧಕೈದಿಗಳನ್ನು ಸೇರಿಸಿದರು. ಮಲಯದ ರಕ್ಷಣೆಗೆ ಹೋಗಿದ್ದ ನಮ್ಮ ಮೈಸೂರು ಸಂಸ್ಥಾನದ ಪದಾತಿ ಪಡೆಯವರೂ ಸೆರೆಯಾದವರಲ್ಲಿದ್ದರು. ಇದನ್ನು ಓದಿದ ಮೇಲೆ ನನಗೆ ಸಿಂಗಪುರ ದೂರದ ಊರು ಅನ್ನಿಸಲಿಲ್ಲ.

ಕ್ಯಾಪ್ಟನ್ ಮೋಹನ್ ಸಿಂಗ್ ಆ ಕೈದಿಗಳಿಂದ ಮೊದಲ ಆಜಾದ್ ಹಿಂದ್ ಫೌಜ್ ಕಟ್ಟಿದರು. ಸೇರುತ್ತೇವೆಂದು ಒಪ್ಪಿದವರು ಹೆಚ್ಚು, ಆದರೆ 1942ರ ಸೆಪ್ಟೆಂಬರ್‌ನಲ್ಲಿ ನಿಂತ ಮೊದಲ ಡಿವಿಷನ್ನಿನಲ್ಲಿ ಇದ್ದವರು ಸುಮಾರು 16 ಸಾವಿರ. ಜಪಾನಿನವರೊಂದಿಗೆ ಮನಸ್ತಾಪವಾಗಿ ಡಿಸೆಂಬರ್‌ನಲ್ಲಿ ಮೋಹನ್ ಸಿಂಗ್ ಬಂಧಿತರಾದರು, ಪಡೆ ಚದುರಿತು. ಹೀಗೆ ಅರ್ಧ ಒಣಗಿ ನಿಂತಿದ್ದ ತೋಟಕ್ಕೆ ಬೋಸ್ ಬಂದರು. ಬಂದ ರೀತಿಯೂ ಸಾಮಾನ್ಯವಲ್ಲ. 1943ರ ಫೆಬ್ರುವರಿಯಲ್ಲಿ, ಹುಟ್ಟಿ ಮೂರು ತಿಂಗಳೂ ತುಂಬದ ಮಗಳು ಅನಿತಾ ಮತ್ತು ಆಕೆಯ ತಾಯಿ ಎಮಿಲಿಯನ್ನು ಯುರೋಪಿನಲ್ಲೇ ಬಿಟ್ಟು, ಜರ್ಮನ್ ಜಲಾಂತರ್ಗಾಮಿ ಹತ್ತಿದರು. ಏಪ್ರಿಲ್‌ನಲ್ಲಿ ಮಡಗಾಸ್ಕರ್ ಬಳಿ ನಡುಸಮುದ್ರದಲ್ಲಿ ಜಪಾನಿನ ಜಲಾಂತರ್ಗಾಮಿಗೆ ಬದಲಾದರು. ಜುಲೈ 2ರಂದು ಸಿಂಗಪುರದಲ್ಲಿದ್ದರು. ಎರಡೇ ದಿನದಲ್ಲಿ ರಾಸ್ ಬಿಹಾರಿ ಬೋಸ್ ಅವರಿಂದ ನಾಯಕತ್ವ ವಹಿಸಿಕೊಂಡರು.

ಜುಲೈ 9ರ ಸಭೆಯಲ್ಲಿ ಅವರು ತಮ್ಮ ಅಂದಾಜನ್ನು ಜನರ ಮುಂದಿಟ್ಟರು. ಮೂರು ಲಕ್ಷ ಸೈನಿಕರು, ಮೂರು ಕೋಟಿ ಡಾಲರ್. ಇದು ಗಾಳಿಯಲ್ಲಿ ಗುಂಡು ಹೊಡೆದ ಲೆಕ್ಕವಲ್ಲ. ಮಲಯ, ಬರ್ಮಾ, ಥಾಯ್ಲೆಂಡ್‌ಗಳಲ್ಲಿ ಭಾರತೀಯರು ಲಕ್ಷಗಟ್ಟಲೆ ಇದ್ದರು. 1931ರ ಜನಗಣತಿಯಲ್ಲಿ ಬರ್ಮಾ ಒಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚಿದ್ದರು, ಯುದ್ಧ ಬಂದಾಗ ಅವರಲ್ಲಿ ಲಕ್ಷಾಂತರ ಮಂದಿ ಕಾಡು ದಾಟಿ ಭಾರತಕ್ಕೆ ಓಡಿಬಂದಿದ್ದರೂ ಉಳಿದವರು ಕಡಿಮೆಯೇನಲ್ಲ. ಬೋಸ್ ಮೂರು ಕಡೆಯಿಂದ ಸೈನಿಕರು ಬರುತ್ತಾರೆ ಎಂದು ಎಣಿಸಿದ್ದರು. ಒಂದು, ಯುದ್ಧಕೈದಿಗಳು. ಎರಡು, ರಬ್ಬರ್ ತೋಟದ ಕೂಲಿಗಳು, ಅಂಗಡಿಯವರು, ಗುಮಾಸ್ತರು. ಮೂರು, ತಮ್ಮ ಪಡೆ ಭಾರತದ ಗಡಿ ಮುಟ್ಟಿದೊಡನೆ ಬ್ರಿಟಿಷರ ಕಡೆಯಿಂದ ದಾಟಿಬರುವ ಭಾರತೀಯ ಸೈನಿಕರು.

ಅಕ್ಟೋಬರ್ 21ರಂದು ಸಿಂಗಪುರದಲ್ಲಿ ತಾತ್ಕಾಲಿಕ ಸರ್ಕಾರ ಘೋಷಣೆಯಾಯಿತು. ಜಪಾನ್, ಜರ್ಮನಿ ಸೇರಿ ಒಂಬತ್ತು ಸರ್ಕಾರಗಳು ಅದನ್ನು ಮಾನ್ಯ ಮಾಡಿದವು. ಹಣಕಾಸು, ಪ್ರಚಾರ, ಮಹಿಳಾ ವ್ಯವಹಾರಕ್ಕೆ ಮಂತ್ರಿಗಳಿದ್ದರು. ಭರ್ತಿ ಮತ್ತು ತರಬೇತಿಗೆ ಪ್ರತ್ಯೇಕ ವಿಭಾಗಗಳಿದ್ದವು. ಎರಡನೇ ಗುಂಪಿನಿಂದ ಬಂದ ಸ್ಪಂದನ ಯಾರೂ ನಿರೀಕ್ಷಿಸದಷ್ಟಿತ್ತು. ಜೀವಮಾನದಲ್ಲಿ ಬಂದೂಕು ಮುಟ್ಟದ ತಮಿಳು ತೋಟಕಾರ್ಮಿಕರು ಸಾವಿರಾರು ಸಂಖ್ಯೆಯಲ್ಲಿ ಹೆಸರು ಬರೆಸಿದರು. ಡಾಕ್ಟರ್ ಲಕ್ಷ್ಮಿ ಸ್ವಾಮಿನಾಥನ್ ನೇತೃತ್ವದ ಝಾನ್ಸಿ ರಾಣಿ ರೆಜಿಮೆಂಟ್‌ಗೆ ಹೆಣ್ಣುಮಕ್ಕಳು ಬಂದರು. ಅವರಲ್ಲಿ ಬಹಳ ಮಂದಿ ಭಾರತವನ್ನು ಕಣ್ಣಿಂದಲೂ ಕಂಡವರಲ್ಲ.

ಯಾಕೆ ಬಂದರು? ದೇಶಪ್ರೇಮ ಇತ್ತು, ಅದರಲ್ಲಿ ಅನುಮಾನ ಬೇಡ. ಆದರೆ ಅದೊಂದೇ ಅಲ್ಲ. ಯುದ್ಧದಿಂದ ರಬ್ಬರ್ ವ್ಯಾಪಾರ ನಿಂತು ತೋಟಗಳಲ್ಲಿ ಕೂಲಿ ಇರಲಿಲ್ಲ. ಜಪಾನಿನವರು ಸಯಾಮ್–ಬರ್ಮಾ ರೈಲು ಹಾಸಲು ಕೂಲಿಗಳನ್ನು ಹಿಡಿದೊಯ್ಯುತ್ತಿದ್ದರು, ಹೋದವರು ಮರಳುವುದು ಕಷ್ಟವಿತ್ತು. ಫೌಜ್ ಸೇರಿದರೆ ಊಟ, ಬಟ್ಟೆ, ಮರ್ಯಾದೆ. ಕೈದಿಗಳಲ್ಲೂ ಅಷ್ಟೇ: ಕೆಲವರು ಸ್ವಾತಂತ್ರ್ಯಕ್ಕಾಗಿ ಬಂದರು, ಕೆಲವರು ಶಿಬಿರದ ಹಸಿವಿಗೆ ಹೆದರಿ ಬಂದರು, ಕೆಲವು ಅಧಿಕಾರಿಗಳು ತಮ್ಮ ಹುಡುಗರನ್ನು ಕಾಪಾಡಲು ಬಂದರು. ಕೊಟ್ಟ ಮಾತಿಗೆ ಕಟ್ಟುಬಿದ್ದು, ಜಪಾನನ್ನು ನಂಬದೆ, ಬರಲೊಲ್ಲೆ ಎಂದವರೂ ಬಹಳ. ಅವರಲ್ಲಿ ಅನೇಕರನ್ನು ನ್ಯೂಗಿನಿಯ ಕಡೆ ದುಡಿಮೆಗೆ ಸಾಗಿಸಿದರು, ಹಲವರು ಅಲ್ಲೇ ಸತ್ತರು. ರ‍್ಯಾಲಿಯ ದಿನ ನನ್ನ ಹಿಂದೆ ಮುಂದೆ ನಿಂತ ಸಾವಿರಾರು ಹುಡುಗರು ನೆನಪಾದರು. ನಮ್ಮ ಎದೆಯಲ್ಲಿ ಬಾವುಟವೂ ಇತ್ತು, ಮನೆಯ ಸಾಲವೂ ಇತ್ತು. ಒಂದರಿಂದ ಇನ್ನೊಂದು ಸುಳ್ಳಾಗುವುದಿಲ್ಲ.

ಹೆಸರು ಬರೆಸಿದವರೆಲ್ಲ ಸೈನಿಕರಾಗಲಿಲ್ಲ. ಸಿಂಗಪುರದಲ್ಲಿ ಬ್ರಿಟಿಷರಿಂದ ವಶಪಡಿಸಿಕೊಂಡ ಬಂದೂಕುಗಳೇ ಇವರ ಮುಖ್ಯ ಆಯುಧ. ಫಿರಂಗಿ ಇಲ್ಲ, ಲಾರಿ ಸಾಲದು. ಜಪಾನಿನವರಿಗೆ ದೊಡ್ಡ ಭಾರತೀಯ ಸೇನೆ ಬೇಕಾಗಿರಲೂ ಇಲ್ಲ. ಅವರ ಕೆಲವು ಸೇನಾಧಿಕಾರಿಗಳು ಇವರನ್ನು ಪ್ರಚಾರಕ್ಕೆ, ಗೂಢಚಾರಿಕೆಗೆ ಸಾಕು ಎಂದುಕೊಂಡಿದ್ದರು. ಮೂರು ಲಕ್ಷದ ಗುರಿಯ ಎದುರು ಕೊನೆಗೆ ಫೌಜ್‌ನ ಬಲ ಸುಮಾರು 40 ಸಾವಿರದ ಹತ್ತಿರ ನಿಂತಿತು. ಅಂಡಮಾನಿನಲ್ಲಿ ಬೋಸ್ ಬಾವುಟ ಹಾರಿಸಿದಾಗ ಅಲ್ಲಿನ ಭಾರತೀಯರು ಜಪಾನಿ ಸೈನಿಕರ ಚಿತ್ರಹಿಂಸೆಗೆ ಸಿಕ್ಕಿದ್ದರು ಎಂಬುದನ್ನೂ ಮರೆಯಬಾರದು. ಬೇರೆಯವರ ಬಲದ ಮೇಲೆ ನಿಂತ ಸರ್ಕಾರದ ಕಷ್ಟ ಅದು.

1944ರ ಮಾರ್ಚ್‌ನಲ್ಲಿ ಇಂಫಾಲ್ ಕಡೆಗೆ ದಂಡಯಾತ್ರೆ ಹೊರಟಿತು. ಏಪ್ರಿಲ್ 14ರಂದು ಮಣಿಪುರದ ಮೊಯಿರಾಂಗ್‌ನಲ್ಲಿ ತ್ರಿವರ್ಣ ಧ್ವಜ ಹಾರಿತು. ಮೂರನೇ ಲೆಕ್ಕ ಪರೀಕ್ಷೆಗೆ ಬಂದದ್ದು ಆಗ. ಎದುರಿದ್ದ ಭಾರತೀಯ ಸೈನಿಕರು ದಾಟಿಬರಲಿಲ್ಲ. ಯಾಕೆ ಬರಲಿಲ್ಲ ಎಂಬುದಕ್ಕೆ ಒಂದು ಅಂಕಿ ನೋಡಿ. 1939ರಲ್ಲಿ ಸುಮಾರು ಎರಡು ಲಕ್ಷವಿದ್ದ ಬ್ರಿಟಿಷ್ ಭಾರತೀಯ ಸೇನೆ ಯುದ್ಧ ಮುಗಿಯುವ ಹೊತ್ತಿಗೆ 25 ಲಕ್ಷ ದಾಟಿತ್ತು. ಎಲ್ಲರೂ ಸ್ವಇಚ್ಛೆಯಿಂದ ಸೇರಿದವರು. ಅವರ ಹಿಂದೆ ತಿಂಗಳ ಸಂಬಳಕ್ಕೆ ಕಾಯುವ ಮನೆಗಳಿದ್ದವು. ಆ ಸಾಲಿನಲ್ಲಿ ನಾನಿದ್ದರೆ ದಾಟುತ್ತಿದ್ದೆನೇ? ಗೊತ್ತಿಲ್ಲ. ಇನ್ನು ಜೂನ್‌ನಲ್ಲಿ ಮಳೆ ಹಿಡಿಯಿತು. ಅಕ್ಕಿ ಮುಗಿಯಿತು, ಮಲೇರಿಯಾ ಬಂತು, ಕಾಡಿನ ಸೊಪ್ಪು ತಿಂದು ಹಿಂದೆ ನಡೆದರು. ರಣರಂಗಕ್ಕೆ ಹೋದ ಸುಮಾರು ಆರು ಸಾವಿರ ಮಂದಿಯಲ್ಲಿ ಮರಳಿದವರು ಸುಮಾರು 2,600. ಗುಂಡಿಗಿಂತ ಹಸಿವು, ಕಾಯಿಲೆಗೆ ಸತ್ತವರೇ ಹೆಚ್ಚು.

1945ರ ಏಪ್ರಿಲ್‌ನಲ್ಲಿ ರಂಗೂನ್ ಬಿಡಬೇಕಾಯಿತು. ಝಾನ್ಸಿ ರೆಜಿಮೆಂಟಿನ ಹುಡುಗಿಯರನ್ನು ಹಿಂದೆ ಬಿಟ್ಟು ಹೋಗಲು ಬೋಸ್ ಒಪ್ಪಲಿಲ್ಲ. ಅವರ ಜೊತೆಯಲ್ಲೇ ರಾತ್ರಿಗಳಲ್ಲಿ ನಡೆದು, ಹೊಳೆ ದಾಟಿ, ವಾರಗಟ್ಟಲೆ ಪ್ರಯಾಣ ಮಾಡಿ ಬ್ಯಾಂಕಾಕ್ ತಲುಪಿದರು. ಆಗಸ್ಟ್ 18ರಂದು ತೈಪೆಯಲ್ಲಿ ವಿಮಾನ ಉರುಳಿ, ಸುಟ್ಟಗಾಯಗಳಿಂದ ಅದೇ ರಾತ್ರಿ ತೀರಿಕೊಂಡರು. ವಯಸ್ಸು 48. ಅವರ ಸಾವನ್ನು ನಂಬದವರು ಇಂದಿಗೂ ಇದ್ದಾರೆ, ಅದಕ್ಕಾಗಿ ಸರ್ಕಾರ ಮತ್ತೆ ಮತ್ತೆ ತನಿಖೆ ನಡೆಸಿತು.

ಲೆಕ್ಕ ತಪ್ಪಿತು ಎಂದು ಪುಸ್ತಕ ಮುಚ್ಚಬಹುದಿತ್ತು. ಆದರೆ ಬ್ರಿಟಿಷರೂ ಒಂದು ಲೆಕ್ಕ ಹಾಕಿದರು. ಸೆರೆಸಿಕ್ಕ ಫೌಜ್ ಸೈನಿಕರನ್ನು ವಿಚಾರಣೆ ಮಾಡಿ ಬಿಳಿ, ಬೂದು, ಕಪ್ಪು ಎಂದು ಮೂರು ರಾಶಿ ಮಾಡಿದರು. ಕಪ್ಪು ರಾಶಿಯ ಶಾನವಾಜ್ ಖಾನ್, ಪ್ರೇಮ್ ಸೆಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನ್ ಅವರನ್ನು 1945ರ ನವೆಂಬರ್‌ನಲ್ಲಿ ಕೆಂಪುಕೋಟೆಯಲ್ಲಿ ವಿಚಾರಣೆಗೆ ನಿಲ್ಲಿಸಿದರು. ಜನ ಇವರನ್ನು ದ್ರೋಹಿಗಳೆಂದು ಕಾಣುತ್ತಾರೆ ಎಂಬುದು ಅವರ ಅಂದಾಜು. ಆದದ್ದು ಉಲ್ಟಾ. ಒಬ್ಬ ಮುಸ್ಲಿಂ, ಒಬ್ಬ ಹಿಂದೂ, ಒಬ್ಬ ಸಿಖ್ ಒಂದೇ ಕಟಕಟೆಯಲ್ಲಿ ನಿಂತದ್ದು ಕಂಡು ದೇಶವೇ ಎದ್ದಿತು. ಕೊಟ್ಟ ಜೀವಾವಧಿ ಗಡೀಪಾರು ಶಿಕ್ಷೆಯನ್ನು ಸೇನಾಪತಿಯೇ ರದ್ದು ಮಾಡಬೇಕಾಯಿತು. 1946ರ ಫೆಬ್ರುವರಿಯಲ್ಲಿ ನೌಕಾಪಡೆಯ ನಾವಿಕರು ಬಂಡೆದ್ದರು. ಭಾರತೀಯ ಸಿಪಾಯಿಯನ್ನು ನಂಬಿ ಈ ದೇಶವನ್ನು ಇನ್ನು ಆಳಲಾಗದು ಎಂಬುದು ಬ್ರಿಟಿಷರಿಗೆ ಅರಿವಾಯಿತು. ಬೋಸ್ ಎಣಿಸಿದ್ದ ಆ ಮೂರನೇ ಗುಂಪು ಅಲುಗಾಡಿದ್ದು ಅವರು ತೀರಿಕೊಂಡ ಮೇಲೆ, ಅವರು ಎಣಿಸಿರದ ಜಾಗದಲ್ಲಿ.

ನಾನು ಇದರಿಂದ ಎರಡು ವಿಷಯ ಕಲಿತೆ. ಒಂದು, ಆಸೆಯನ್ನು ಅಂದಾಜು ಅಂದುಕೊಳ್ಳಬಾರದು. ಈಗ ನಮ್ಮೂರಿನಲ್ಲಿ ಬೆಳಗ್ಗೆ ಐದಾರು ಹುಡುಗರು ನನ್ನ ಜೊತೆ ಓಡುತ್ತಾರೆ. ಯಾರೇ ಹೊಸಬ ಬಂದರೂ ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ ಕಣ್ಣು, ಕಿವಿ, ಹಲ್ಲು ತೋರಿಸಿಕೊಂಡು ಬಾ, ಆಮೇಲೆ ಶೂ ಕೊಳ್ಳು ಅನ್ನುತ್ತೇನೆ. ಕಳೆದ ತಿಂಗಳು ಒಬ್ಬನಿಗೆ ಬಣ್ಣ ಗುರುತಿಸುವ ದೋಷ ಇರುವುದು ಹೀಗೇ ತಿಳಿಯಿತು. ಎರಡು ವರ್ಷ ಉಳಿಯಿತು ಅವನಿಗೆ. ಎರಡನೆಯದು, ಒಂದು ಸಾಲಿನಿಂದ ಹೊರಕಳಿಸಿದರೆ ಬದುಕು ಮುಗಿಯುವುದಿಲ್ಲ. ಕಣ್ಣು ಸಾಲದು ಎಂದು ವಾಪಸಾದ ಹುಡುಗ ಮುಂದೆ ಒಂದು ಸೇನೆಯ ಮುಂದೆ ನಿಂತ. ನಾನು ಅಷ್ಟೆಲ್ಲ ಆಗಲಾರೆ. ಕನ್ನಡಕ ಅಡ್ಡಿಯಾಗದ ಪರೀಕ್ಷೆಯೊಂದಕ್ಕೆ ಅರ್ಜಿ ಹಾಕಿದ್ದೇನೆ, ಓದುತ್ತಿದ್ದೇನೆ.

ಮೊನ್ನೆ ಅಪ್ಪ ಚಿಕ್ಕನಾಯಕನಹಳ್ಳಿ ಕಡೆ ಒಂದು ತೋಟ ನೋಡಲು ಕರೆದುಕೊಂಡು ಹೋದರು. ಅವರಿಗೂ ಈಗ ದೂರದ್ದು ಮಂಜು ಮಂಜು. ಹೊಸ ಕನ್ನಡಕ ಹಾಕಿಕೊಂಡು ಕತ್ತೆತ್ತಿದೆ. ಒಂದೊಂದು ಗೊನೆಯೂ ಬಿಡಿಬಿಡಿಯಾಗಿ ಕಂಡಿತು. ನಾನು ಎಣಿಸಿ ಹೇಳಿದ ಸಂಖ್ಯೆಯಲ್ಲಿ ಅಪ್ಪ ಕಾಲುಭಾಗ ಕಳೆದು ಚೀಟಿಯಲ್ಲಿ ಬರೆದುಕೊಂಡರು. ಯಾರ ಲೆಕ್ಕ ಸರಿ ಎಂಬುದು ಕಾಯಿ ಇಳಿಸಿದ ಮೇಲೆ ಗೊತ್ತಾಗುತ್ತದೆ.